ನಾಲ್ಕು ಸೋಡಾ

ಬೆಂಗಳೂರಿನ ಸಿಲಿಂಡರು ಬರಲಿಲ್ಲ. ನೆಲಮಂಗಲದ ಹತ್ತಿರ
ಲಾರಿ ಕೆಟ್ಟಿದೆಯಂತೆ. ಕುಲುಮೆ ಆಗಲೇ ಐನೂರ ಐವತ್ತು ಡಿಗ್ರಿ,
ಆರಿಸಿದರೆ ಮೂರು ದಿನದ ಕೆಲಸ ಮಣ್ಣುಪಾಲು.
ಗಂಗಹನುಮಯ್ಯ ತಲೆ ಕೆರೆದುಕೊಂಡ:
"ಮಂಡಿಪೇಟೇಲಿ ಸೋಡಾ ಮೂಡ್ಲಗಿರಿಯಪ್ಪ ಅವ್ನಲ್ಲ,
ಅವನತ್ರ ಇರೋದೂ ಅದೇ ಗ್ಯಾಸಲ್ವಾ ಮೇಡಂ?"

ಅದೇ ಗ್ಯಾಸು.
ಐದು ವರ್ಷ ಸೂತ್ರದಲ್ಲೇ ಬರೆದೂ ಬರೆದೂ
ನಾಲಿಗೆಗೆ ಅದು ಚುರುಕ್ಕೆನ್ನುವುದೇ ಮರೆತಿತ್ತು.

ಆಟೋದಲ್ಲಿ, ಚಳಿಜ್ವರದವನಿಗೆ ಹೊದಿಸಿದ ಹಾಗೆ
ಗೋಣಿ ಹೊದಿಸಿ ತಬ್ಬಿಕೊಂಡು ತಂದೆವು.
ಬಟವಾಡಿಯ ಹಂಪಿನಲ್ಲಿ ಒಂದು ಸಲ ಠಣ್ಣೆಂದಿತು.

ಇತ್ತ ಪ್ರೊಪೇನು.
ಮೂರು ಇಂಗಾಲ, ಮೈತುಂಬ ಎಂಟು ಜಲಜನಕ ಹೊದ್ದು
ಯಾರ ತಂಟೆಗೂ ಹೋಗದೆ ಕೂತ ಜೀವ.
ಕಡ್ಡಿ ಗೀರಿದರೆ ಮಾತ್ರ ಉತ್ತರ ಕೊಡುತ್ತದೆ,
ಆಗ ಏನನ್ನೂ ಉಳಿಸುವುದಿಲ್ಲ.
ಅತ್ತ ಸೋಡಾ ಗ್ಯಾಸು, ಉರಿದು ಮುಗಿದ ಮೇಲಿನದು,
ಬೇಕು ಬೇಡಗಳ ಆಚೆಗಿನದು.
ಈ ಇಬ್ಬರು ಮೊಂಡರನ್ನು ಬೆರಳಗಲದ ಕೊಳವೆಯಲ್ಲಿ
ಅರಿಶಿನ ಬಣ್ಣದ ಪುಡಿಯ ಮೇಲೆ ಹಾಯಿಸುತ್ತೇನೆ.
ಕ್ರೋಮಿಯಂ ಪುಡಿ. ನಡುವೆ ಕೂತು
ಇವನಿಂದ ಎರಡು ಜಲಜನಕ ಬಿಡಿಸುತ್ತದೆ,
ಅವನಿಂದ ಒಂದು ಆಮ್ಲಜನಕ ಕೀಳುತ್ತದೆ.
ಬಿಡಿಸಿದ್ದೂ ಕಿತ್ತದ್ದೂ ಕೂಡಿದರೆ ನೀರು.
ಕೊಳವೆಯ ತುದಿಯಲ್ಲಿ ನಿಜವಾಗಿಯೂ ಒಂದು ಹನಿ.

ಕಾರ್ಬನ್ ಮಾನಾಕ್ಸೈಡೂ ಬರುತ್ತದೆ, ವಾಸನೆಯಿಲ್ಲದ ಯಮ.
ಗೋಡೆಯ ಪೆಟ್ಟಿಗೆ ಕೂಗಿದರೆ ಚಪ್ಪಲಿ ಬಿಟ್ಟು ಓಡಬೇಕು.

ಹೋದ ತಿಂಗಳು ಬರಿ ನೈಟ್ರೋಜನ್ನಿನಲ್ಲಿ ಓಡಿಸಿದ್ದೆ.
ನಾಲ್ಕು ಗಂಟೆಗೆ ಪುಡಿ ಸತ್ತಿತು. ಬಿಚ್ಚಿದರೆ
ಪುರಿಭಟ್ಟಿಯ ಬಾಣಲೆಯ ತಳದಂಥ ಕಪ್ಪು,
ಉಗುರ ಸಂದಿಯಿಂದ ಮೂರು ದಿನ ಹೋಗಲಿಲ್ಲ.
ಇವತ್ತು ಮಸಿ ಕೂರುತ್ತಿದ್ದಂತೆ
ಸೋಡಾ ಗ್ಯಾಸು ಅದನ್ನು ನೆಕ್ಕಿಕೊಂಡು ಹೋಗುತ್ತಿದೆ.
ಸುಟ್ಟು ಮುಗಿದದ್ದಕ್ಕೂ ಇಷ್ಟು ಹಸಿವೆ!
ಎಂಟು ಗಂಟೆ. ಒಂಬತ್ತು. ಪರದೆಯ ಮೇಲೆ
ಪ್ರೊಪೇನಿನ ದೇವರಾಯನದುರ್ಗ, ಪಕ್ಕದಲ್ಲಿ
ಪ್ರೊಪಿಲೀನಿನ ಗುಡ್ಡ, ಪುಟ್ಟದು,
ಇನ್ನೂ ಕರಗಿಲ್ಲ.

ರಾತ್ರಿ ಅಂಗಡಿ ಮುಚ್ಚಿ, ಸಿಲಿಂಡರಿನ ಚಿಂತೆಗೆ,
ಮೂಡ್ಲಗಿರಿಯಪ್ಪನೇ ಬಂದ.
"ನನ್ನ ಗ್ಯಾಸಿಂದ ಏನವ್ವ ಮಾಡ್ತಿದೀಯ?"
"ನೀವು ಕೂತಿರೋ ಕುರ್ಚಿ," ಅಂದೆ.
ಎದ್ದು ನಿಂತ. ತಿರುಗಿ ನೋಡಿದ.
ನೀಲಿ ಪ್ಲಾಸ್ಟಿಕ್ಕು, ಒಂದು ಕಾಲಿಗೆ ತಂತಿ ಸುತ್ತಿದ್ದು.
"ಎಷ್ಟು ಕುರ್ಚಿ ಆಯ್ತು?"
ಲೆಕ್ಕ ಹಾಕಿದೆ. ಹತ್ತು ಗಂಟೆಗೆ
ಒಂದು ಗ್ರಾಮು ಮತ್ತು ಚೂರು.
ಕುರ್ಚಿಗೆ ಅಂಟಿಸುವ ಬೆಲೆಚೀಟಿಯಷ್ಟು.

ನಗುತ್ತಾನೆ ಅಂದುಕೊಂಡೆ. ಮತ್ತೆ ಕೂತ, ಹುಷಾರಾಗಿ.
"ನಲವತ್ತು ವರ್ಸದಿಂದ ಇದನ್ನ ಜನದ ಹೊಟ್ಟೆಗೆ ತುಂಬಿ
ತೇಗಿಸಿ ತೇಗಿಸಿ ಕಳಿಸ್ತಾ ಇವ್ನಿ.
ಒಂದು ಗ್ರಾಮೂ ವಾಪಸ್ ಬಂದಿಲ್ಲ ಕಣವ್ವ."

ಕುಲುಮೆಯ ಕೆಂಪು ದೀಪ ನೋಡುತ್ತ ಕೂತೆವು.
ಪಾವಗಡದ ಬಿಸಿಲು ಮಲಗಿ ಎಷ್ಟೋ ಹೊತ್ತಾಗಿತ್ತು.
ಈ ಕಾವಿಗೆ ಈಗ ಎಲ್ಲೋ ಕಲ್ಲಿದ್ದಲು ಉರಿಯುತ್ತಿದೆ,
ನಾನು ನೆಕ್ಕಿಸಿದ್ದಕ್ಕಿಂತ ಹೆಚ್ಚು ಹೊಗೆ ಎಬ್ಬಿಸುತ್ತಿದೆ.
ಅದನ್ನೂ ಹೇಳಿಬಿಟ್ಟೆ.
"ಹಂಗಾದ್ರೆ ಹಗಲೊತ್ತು ಮಾಡು," ಅಂದ.

ಬೆಳಿಗ್ಗೆ ಬಿಚ್ಚಿದಾಗ ಪುಡಿ
ಅವರೆಕಾಯಿ ಸಿಪ್ಪೆಯ ಹಸಿರು.
ಅಂಚಿನಲ್ಲಿ ಒಂದಿಷ್ಟು ಕಪ್ಪು.
ಆ ಅಂಚಿನ ಬಗ್ಗೆ ಇನ್ನೂ ಯೋಚಿಸುತ್ತಿದ್ದೇನೆ.

ಸಿಲಿಂಡರು ಹಿಂತಿರುಗಿಸಿದೆವು. ತಕ್ಕಡಿಗೆ ಏರಿಸಿದ.
ಮುಳ್ಳು ಅಲ್ಲಾಡಲಿಲ್ಲ.
"ಏನೂ ತಗೊಂಡೇ ಇಲ್ವಲ್ಲವ್ವ!"
"ಆರು ಗ್ರಾಮು," ಅಂದೆ.
ಕಣ್ಣು ಮುಚ್ಚಿ ಬೆರಳು ಮಡಿಸಿದ:
"ನಾಲ್ಕು ಸೋಡಾ. ಎಂಬತ್ತು ರೂಪಾಯಿ ಕೊಡು."
ಕೊಟ್ಟೆ. ಎಣಿಸಿ ಜೇಬಿಗಿಟ್ಟು
ಐದನೆಯದರ ಗೋಲಿ ಒತ್ತಿ ಕೈಗಿಟ್ಟ.